ಮಾರ್ಗಮಧ್ಯದಲ್ಲಿ ಮಾಧ್ಯಸ್ಥ್ಯಭಾವನೆ

ವ್ರತದ ಮಾತು ಬಂದೊಡನೆ ನಮ್ಮ ಮನಸ್ಸು ಬಸದಿಗೆ, ಅಡುಗೆಮನೆಗೆ, ಅಷ್ಟಮಿ-ಚತುರ್ದಶಿಗಳ ಪಂಚಾಂಗಕ್ಕೆ ಹೋಗುವುದು ಸಹಜ. ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು, ನೀರನ್ನು ಹೇಗೆ ಸೋಸಬೇಕು ಎಂಬ ವಿಷಯಗಳಲ್ಲಿ ನಮ್ಮ ಶ್ರಾವಕ-ಶ್ರಾವಿಕೆಯರು ತೋರುವ ಎಚ್ಚರ ಪ್ರಶಂಸನೀಯವಾದುದೇ. ಆದರೆ ಅದೇ ಶ್ರಾವಕನು ಬಸದಿಯ ಬಾಗಿಲನ್ನು ದಾಟಿ ತನ್ನ ವಾಹನವನ್ನೇರಿದ ಬಳಿಕ ಅವನ ಅಣುವ್ರತಗಳು ಎಲ್ಲಿರುತ್ತವೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಪಟ್ಟಣವಾಸಿಯಾದ ಗೃಹಸ್ಥನು ಇಂದು ದಿನದ ಒಂದೆರಡು ಗಂಟೆಗಳನ್ನಾದರೂ ರಸ್ತೆಯಲ್ಲಿ ಕಳೆಯುತ್ತಾನೆ. ಕಷಾಯಗಳು ಉದ್ರೇಕಗೊಳ್ಳುವುದಕ್ಕೆ ಅದಕ್ಕಿಂತ ಅನುಕೂಲವಾದ ಸ್ಥಳ ಮತ್ತೊಂದಿಲ್ಲ.

ಪ್ರಕೃತ ಪಾಠದಲ್ಲಿ ಒಂದೇ ಒಂದು ಸಂದರ್ಭವನ್ನು ತೆಗೆದುಕೊಂಡು ವಿಚಾರ ಮಾಡೋಣ. ವಾಹನ ಚಲಾಯಿಸುತ್ತಿರುವಾಗ ಮತ್ತೊಬ್ಬ ಚಾಲಕನು ಯಾವುದೋ ಅಲ್ಪ ಕಾರಣಕ್ಕೆ ಕೆರಳಿ, ಬೆನ್ನಟ್ಟಿ ಬಂದು, ಅಡ್ಡಗಟ್ಟಿ, ಕೈಯಲ್ಲಿ ಕಬ್ಬಿಣದ ಸಲಾಕೆಯನ್ನೋ ಮಚ್ಚನ್ನೋ ಪಿಸ್ತೂಲನ್ನೋ ಹಿಡಿದು ಎದುರು ನಿಂತರೆ ಅಹಿಂಸಾಣುವ್ರತಿಯಾದ ಗೃಹಸ್ಥನು ಏನು ಮಾಡತಕ್ಕದ್ದು? ಎದುರಿಸಿ ನಿಲ್ಲುವುದು ವ್ರತಭಂಗವೇ? ಓಡಿಹೋಗುವುದು ಹೇಡಿತನವೇ? ತಪ್ಪಿಲ್ಲದೆಯೂ ಕ್ಷಮೆ ಕೇಳುವುದು ಅಸತ್ಯವೇ? ಇವು ಕೇವಲ ಚರ್ಚೆಯ ಪ್ರಶ್ನೆಗಳಲ್ಲ. ಉತ್ತರವನ್ನು ಮೊದಲೇ ನಿಶ್ಚಯಿಸಿಕೊಳ್ಳದವನಿಗೆ ಆ ಕ್ಷಣದಲ್ಲಿ ಯೋಚಿಸಲು ಅವಕಾಶ ದೊರೆಯುವುದಿಲ್ಲ.

1. ವಿಷಯದ ಗಾಂಭೀರ್ಯ

1987ರ ಬೇಸಿಗೆಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಹೆದ್ದಾರಿಗಳಲ್ಲಿ ಚಾಲಕರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಪ್ರಕರಣಗಳು ಒಂದರ ಹಿಂದೊಂದು ನಡೆದು ಲೋಕವನ್ನು ಬೆಚ್ಚಿಬೀಳಿಸಿದುವು. ಇದು ಪರದೇಶದ ರೋಗವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮರುವರ್ಷವೇ, 1988ರ ಡಿಸೆಂಬರ್ 27ರಂದು, ಪಂಜಾಬಿನ ಪಟಿಯಾಲದಲ್ಲಿ ರಸ್ತೆಯಲ್ಲಿ ದಾರಿ ಬಿಡುವ ವಿಷಯಕ್ಕೆ ಮಾತು ಬೆಳೆದು 65 ವರ್ಷದ ವೃದ್ಧರೊಬ್ಬರು ಏಟು ತಿಂದು ಮೃತರಾದರು. ಏಟು ಕೊಟ್ಟವರು ದೇಶಕ್ಕೆಲ್ಲ ಪರಿಚಿತರಾದ ಕ್ರಿಕೆಟ್ ಆಟಗಾರರು. ಮೊಕದ್ದಮೆಯು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ನಡೆದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಸಾವಿರ ರೂಪಾಯಿ ದಂಡವನ್ನಷ್ಟೆ ವಿಧಿಸಿತು. ಬಳಿಕ 2022ರ ಮೇ ತಿಂಗಳಲ್ಲಿ ತನ್ನ ಆದೇಶವನ್ನು ತಾನೇ ಪುನರ್ವಿಮರ್ಶಿಸಿ ಒಂದು ವರ್ಷದ ಕಠಿಣ ಸಜೆಯನ್ನು ಕೊಟ್ಟಿತು. ದೃಢಕಾಯನಾದವನ ಬರಿಗೈಯೇ ಆಯುಧವಾಗಬಲ್ಲುದೆಂಬ ಅಭಿಪ್ರಾಯವನ್ನು ಆ ತೀರ್ಪಿನಲ್ಲಿ ನ್ಯಾಯಾಲಯ ವ್ಯಕ್ತಪಡಿಸಿದುದು ಗಮನಾರ್ಹ. ಅರ್ಧ ನಿಮಿಷದ ಕ್ರೋಧಕ್ಕೆ 33 ವರ್ಷಗಳ ನ್ಯಾಯಾಲಯದ ಅಲೆದಾಟ! ಹೋದ ಜೀವ ಮಾತ್ರ ಮರಳಲಿಲ್ಲ.

2016ರ ಮೇ 7ರ ರಾತ್ರಿ ಬಿಹಾರದ ಗಯಾದಲ್ಲಿ ಗೆಳೆಯರೊಡನೆ ಕಾರಿನಲ್ಲಿ ಹೋಗುತ್ತಿದ್ದ ತರುಣ ವಿದ್ಯಾರ್ಥಿಯೊಬ್ಬನು ಗುಂಡೇಟಿಗೆ ಬಲಿಯಾದನು. ಮತ್ತೊಂದು ವಾಹನವನ್ನು ಹಿಂದೆ ಹಾಕಿ ಮುಂದೆ ಹೋದುದೇ ಕಾರಣವೆಂದು ಆಪಾದನೆ. 2017ರಲ್ಲಿ ಕೆಳ ನ್ಯಾಯಾಲಯವು ಆರೋಪಿಗಳಿಗೆ ಶಿಕ್ಷೆ ವಿಧಿಸಿತು. 2023ರಲ್ಲಿ ಪಾಟ್ನಾ ಉಚ್ಚ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಅಪರಾಧ ಯಾರದೆಂಬುದು ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ನಮಗೆ ಬೇಕಾದ ಪಾಠ ಇಷ್ಟು: ರಸ್ತೆಯ ಮೇಲಿನ ಜಗಳಕ್ಕೆ ಕಾರಣದ ಪ್ರಮಾಣಕ್ಕೂ ಪರಿಣಾಮದ ಪ್ರಮಾಣಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

2. ರಸ್ತೆಯಲ್ಲಿ ಕ್ರೋಧದ ಮೂಲ

ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳನ್ನು ನಾವೆಲ್ಲರೂ ಕಂಠಪಾಠ ಮಾಡಿದ್ದೇವೆ. ರಸ್ತೆಯ ಕಲಹವನ್ನು ಕಂಡವರು ಅದನ್ನು ಕ್ರೋಧವೆನ್ನುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಕ್ರೋಧವು ಅಲ್ಲಿ ಹೊಗೆ ಮಾತ್ರ, ಬೆಂಕಿ ಮಾನಕಷಾಯದ್ದು. ಹಿಂದಿನವನು ಹಾರ್ನ್ ಬಾರಿಸಿದರೆ ನಮ್ಮ ಕಿವಿಗೆ ನೋವಾಗುವುದಕ್ಕಿಂತ ಹೆಚ್ಚಾಗಿ ನಮ್ಮ ಪ್ರತಿಷ್ಠೆಗೆ ನೋವಾಗುತ್ತದೆ. ಒಬ್ಬನು ಪಕ್ಕದಿಂದ ನುಗ್ಗಿ ಮುಂದೆ ಹೋದರೆ ನಮಗಾಗುವ ನಷ್ಟ ನಾಲ್ಕೈದು ಸೆಕೆಂಡುಗಳು. ಆದರೆ 'ನನ್ನನ್ನು ದಾಟಿಹೋದನಲ್ಲಾ' ಎಂಬ ಭಾವ ನಾಲ್ಕೈದು ಮೈಲಿಗಳವರೆಗೆ ಕುದಿಯುತ್ತದೆ. ಮಾನದ ತೀವ್ರತೆಯನ್ನು ಶಾಸ್ತ್ರಕಾರರು ಕಲ್ಲು, ಎಲುಬು, ಮರ, ಬೆತ್ತ ಎಂಬ ನಾಲ್ಕು ದೃಷ್ಟಾಂತಗಳಿಂದ ಹೇಳಿದ್ದಾರೆ. ಕಲ್ಲಿನ ಕಂಬ ಬಗ್ಗದು, ಮುರಿಯುತ್ತದೆ. ಬೆತ್ತ ಬಗ್ಗುತ್ತದೆ, ಮುರಿಯದು. ವಾಹನದಲ್ಲಿ ಕುಳಿತವನು ಬೆತ್ತವಾಗಬೇಕೋ ಕಲ್ಲಾಗಬೇಕೋ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಎರಡನೆಯ ಮೂಲ ಪ್ರಮಾದ. ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿ. ಕಾಲ್ನಡಿಗೆಗೆ ನಾಲ್ಕು ಮೊಳ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 25 ಮೀಟರ್ ಹೋಗಿಯೇ ಬಿಟ್ಟಿರುತ್ತದೆ. ಆದ್ದರಿಂದ ಚಾಲಕನ ಈರ್ಯಾಸಮಿತಿಯೆಂದರೆ ಮುಂದಿನ ವಾಹನದಿಂದ ಸಾಕಷ್ಟು ಅಂತರವನ್ನು ಕಾಯ್ದುಕೊಳ್ಳುವುದು, ತಿರುವಿಗೆ ಮುನ್ನ ಸೂಚನೆ ಕೊಡುವುದು, ಎದುರಿಗೆ ಬರುವವರ ಕಣ್ಣಿಗೆ ಪ್ರಖರ ದೀಪವನ್ನು ಹಾಯಿಸದಿರುವುದು. ಹೆಚ್ಚಿನ ಕಲಹಗಳು ಹುಟ್ಟುವುದೇ ಈ ಅಂತರ ತಪ್ಪಿದಾಗ. ಇಷ್ಟನ್ನು ಪಾಲಿಸಿದವನು ತನ್ನಿಂದ ಪರರಿಗೆ ಕಷಾಯೋದ್ರೇಕವಾಗುವ ನಿಮಿತ್ತವನ್ನು ಬಹುಮಟ್ಟಿಗೆ ತಪ್ಪಿಸಿದಂತಾಯಿತು.

3. ಅವಿನೇಯನ ವಿಷಯದಲ್ಲಿ ಮಾಧ್ಯಸ್ಥ್ಯ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ವ್ರತಗಳ ಸ್ಥಿರತೆಗಾಗಿ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶದಲ್ಲಿರುವವರಲ್ಲಿ ಕಾರುಣ್ಯ, ಅವಿನೇಯರಲ್ಲಿ ಮಾಧ್ಯಸ್ಥ್ಯ. ಅವಿನೇಯನೆಂದರೆ ತಿಳಿಯಹೇಳಿದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲದವನು. ಮಾಧ್ಯಸ್ಥ್ಯವೆಂದರೆ ಅವನಲ್ಲಿ ರಾಗವನ್ನಾಗಲಿ ದ್ವೇಷವನ್ನಾಗಲಿ ತಾಳದೆ ಉದಾಸೀನನಾಗಿರುವುದು.

ಆಯುಧ ಹಿಡಿದು ಕಿರುಚುತ್ತ ನಿಂತವನು ಆ ಹೊತ್ತಿಗೆ ಅವಿನೇಯನೇ ಸರಿ. ಅವನು ನಿನ್ನೆ ಸಜ್ಜನನಾಗಿದ್ದಿರಬಹುದು, ನಾಳೆ ಪಶ್ಚಾತ್ತಾಪಪಡಬಹುದು. ಆದರೆ ಈ ಕ್ಷಣದಲ್ಲಿ ಅವನ ಕಿವಿ ಮುಚ್ಚಿದೆ. ನಮ್ಮವರು ಇಲ್ಲಿಯೇ ಎಡವುತ್ತಾರೆ. ಒಬ್ಬರು ಕೆಳಗಿಳಿದು ಸಂಚಾರದ ನಿಯಮವನ್ನು ಬೋಧಿಸುತ್ತಾರೆ. ಮತ್ತೊಬ್ಬರು 'ನಾನು ಯಾರೆಂದು ಬಲ್ಲೆಯಾ' ಎಂದು ಕೇಳುತ್ತಾರೆ. ಇನ್ನೊಬ್ಬರು ಧರ್ಮದ ಹೆಸರಿನಲ್ಲಿಯೇ ಶಾಂತಿಯ ಉಪದೇಶಕ್ಕೆ ತೊಡಗುತ್ತಾರೆ. ಮೂವರೂ ಮಾಡುತ್ತಿರುವುದು ಒಂದೇ: ಉತ್ತರ ಕೊಡುವುದು. ಅಂಥವನಿಗೆ ಒಳ್ಳೆಯ ಮಾತೂ ಎಣ್ಣೆಯಾಗಿ ಉರಿಯನ್ನು ಹೆಚ್ಚಿಸುತ್ತದೆ.

ಆದ್ದರಿಂದ ಈ ಪಾಠದ ಸಾರವನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ: ರಸ್ತೆಯಲ್ಲಿ ಶ್ರಾವಕನು ತ್ಯಜಿಸಬೇಕಾದುದು ಉತ್ತರ ಕೊಡುವ ಹಕ್ಕನ್ನು. ಅನ್ನವನ್ನು ಬಿಡುವುದು ದೇಹದ ಉಪವಾಸವಾದರೆ ಇದು ಮಾನಕಷಾಯದ ಉಪವಾಸ. ಅನ್ನ ಬಿಟ್ಟವನಿಗೆ ಪಾರಣೆಯ ದಿನವೊಂದಿದೆ. ಈ ಉಪವಾಸವನ್ನು ಪ್ರತಿ ಪ್ರಯಾಣದಲ್ಲಿಯೂ ಹೊಸದಾಗಿ ಹಿಡಿಯಬೇಕು.

4. ಆಚರಣೆಯ ಕ್ರಮ

ಮಾಧ್ಯಸ್ಥ್ಯವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಅದನ್ನು ಕಾರ್ಯರೂಪಕ್ಕೆ ತರುವ ಕ್ರಮವನ್ನು ಹಂತ ಹಂತವಾಗಿ ನೋಡೋಣ.

ಮೊದಲನೆಯ ಹಂತ, ಇನ್ನೂ ಬೈಗುಳ ಮತ್ತು ಹಾರ್ನ್‌ಗಳಷ್ಟೇ ಇರುವಾಗ. ದೃಷ್ಟಿಗೆ ದೃಷ್ಟಿ ಕೊಡಬಾರದು, ಕೈಸನ್ನೆ ಮಾಡಬಾರದು, ವೇಗವನ್ನು ಹೆಚ್ಚಿಸಿ ಸ್ಪರ್ಧೆಗಿಳಿಯಬಾರದು, ಬೇಕೆಂದೇ ನಿಧಾನಿಸಿ ಕಾಡಲೂಬಾರದು. ಎಡಕ್ಕೆ ಸರಿದು ದಾರಿ ಕೊಡಬೇಕು. ಹೋಗಬಯಸುವವನನ್ನು ಹೋಗಗೊಡುವುದರಿಂದ ಹತ್ತರಲ್ಲಿ ಒಂಬತ್ತು ಜಗಳ ಅಲ್ಲಿಯೇ ಮುಗಿಯುತ್ತವೆಂದು ಅನುಭವಿಗಳೆಲ್ಲರೂ ಬಲ್ಲರು.

ಎರಡನೆಯ ಹಂತ, ಬೆನ್ನಟ್ಟಿ ಬರುತ್ತಿದ್ದಾನೆಂದು ಖಚಿತವಾದಾಗ. ಮನೆಯ ಕಡೆಗೆ ಹೋಗಕೂಡದು, ಮನೆಯನ್ನು ತೋರಿಸಿಕೊಟ್ಟಂತಾಗುತ್ತದೆ. ನಿರ್ಜನವಾದ ಅಡ್ಡರಸ್ತೆಗಳನ್ನು ಹಿಡಿಯಕೂಡದು. ಪೊಲೀಸ್ ಠಾಣೆ, ಜನ ಸೇರಿರುವ ಪೆಟ್ರೋಲ್ ಬಂಕು, ಆಸ್ಪತ್ರೆಯ ಮುಂಬಾಗಿಲು, ಹೆದ್ದಾರಿಯಾದರೆ ಟೋಲ್ ನಾಕೆ ಇಂಥ ಬೆಳಕು ಮತ್ತು ಜನರಿರುವ ಕಡೆಗೆ ನಿಯಮಿತ ವೇಗದಲ್ಲಿಯೇ ಸಾಗಬೇಕು. ಬಾಗಿಲುಗಳನ್ನು ಒಳಗಿನಿಂದ ಭದ್ರಪಡಿಸಿ ಗಾಜುಗಳನ್ನು ಏರಿಸಬೇಕು. ಜೊತೆಗಿರುವವರು ತುರ್ತು ಸಹಾಯದ 112ಕ್ಕೆ ದೂರವಾಣಿ ಮಾಡಿ ಇರುವ ಸ್ಥಳ, ಹೋಗುತ್ತಿರುವ ದಿಕ್ಕು, ಬೆನ್ನಟ್ಟುವ ವಾಹನದ ಸಂಖ್ಯೆ ಮತ್ತು ಬಣ್ಣಗಳನ್ನು ತಿಳಿಸಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಎಂಬ ಸಹಾಯವಾಣಿಯೂ ಉಂಟು. ಹಿಂದಿನ ಆಸನದಿಂದ 'ಬಿಡಬೇಡ, ಕೇಳು ಅವನನ್ನು' ಎಂದು ಚಾಲಕನನ್ನು ಕೆರಳಿಸುವ ಬಂಧುಗಳು ಆ ಹೊತ್ತಿನಲ್ಲಿ ಹಿಂಸೆಗೆ ಅನುಮೋದಕರಾಗುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವೆಂಬುದನ್ನು ಅವರು ನೆನೆಯಬೇಕು.

ಮೂರನೆಯ ಹಂತ, ಅಡ್ಡಗಟ್ಟಿ ಆಯುಧದೊಡನೆ ಇಳಿದು ಬರುತ್ತಿರುವಾಗ. ವಾಹನದಿಂದ ಕೆಳಗಿಳಿಯಬಾರದು. ಹಿಂದೆ ದಾರಿಯಿದ್ದರೆ ಹಿಮ್ಮುಖವಾಗಿ ಸರಿದು ತಿರುಗಿಸಿಕೊಂಡು ಹೋಗಬೇಕು. ಇದಕ್ಕೆ ಅನುಕೂಲವಾಗುವಂತೆ, ಸಿಗ್ನಲ್‌ಗಳಲ್ಲಿ ನಿಲ್ಲುವಾಗ ಮುಂದಿನ ವಾಹನದ ಹಿಂಚಕ್ರಗಳು ನೆಲ ಮುಟ್ಟುವ ಜಾಗ ಕಾಣುವಷ್ಟು ಅಂತರವನ್ನು ಬಿಡುವ ಅಭ್ಯಾಸ ಯಾವಾಗಲೂ ಇರಬೇಕು. ಅಷ್ಟಿದ್ದರೆ ಪಕ್ಕಕ್ಕೆ ತಿರುಗಿಸಿ ಹೊರಬರಬಹುದು. ನಿಂತಿರುವ ಮನುಷ್ಯನ ಮೇಲೆ ವಾಹನವನ್ನು ಹಾಯಿಸುವ ಆಲೋಚನೆ ಬರಬಾರದು. ಸಾವಿರಕ್ಕೂ ಹೆಚ್ಚು ಕಿಲೋಗ್ರಾಂ ತೂಕದ ಕಾರು ಮಚ್ಚಿಗಿಂತ ಘೋರವಾದ ಆಯುಧ.

ನಾಲ್ಕನೆಯ ಹಂತ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದೆ ಅವನು ಬಳಿಗೆ ಬಂದಿರುವಾಗ. ಎರಡು ಕೈಗಳೂ ಅವನಿಗೆ ಕಾಣುವಂತಿರಬೇಕು. ಹಠಾತ್ತಾದ ಚಲನೆ ಕೂಡದು. ಆಯುಧವನ್ನು ತೆಗೆಯುತ್ತಿದ್ದಾನೆಂದು ಅವನು ಭ್ರಮಿಸಬಹುದು. ಅವನ ಮುಖಕ್ಕೆ ಮೊಬೈಲ್ ಹಿಡಿದು ಚಿತ್ರ ತೆಗೆಯುವುದು ಅತ್ಯಂತ ಅವಿವೇಕ. ಮಾತು ಮೆಲ್ಲಗೆ, ಸ್ವಲ್ಪವಾಗಿ ಇರಲಿ. ಹಣವನ್ನೋ ಕೀಲಿಯನ್ನೋ ಕೇಳಿದರೆ ಕೊಟ್ಟುಬಿಡಬೇಕು. ಪರಿಗ್ರಹಪರಿಮಾಣವನ್ನು ಸ್ವೀಕರಿಸಿದವನಿಗೆ ಒಂದು ಪರ್ಸು ಕಡಿಮೆಯಾದುದು ಹಾನಿಯಲ್ಲ.

ದ್ವಿಚಕ್ರ ವಾಹನದವರಿಗೆ ಬಾಗಿಲಿಲ್ಲ, ಗಾಜಿಲ್ಲ. ಅವರು ಎರಡನೆಯ ಹಂತದಲ್ಲಿಯೇ ತಡಮಾಡದೆ ಜನರಿರುವ ಅಂಗಡಿಯನ್ನೋ ಹೋಟೆಲನ್ನೋ ಹೊಕ್ಕುಬಿಡಬೇಕು. ವಾಹನವನ್ನು ಅಲ್ಲಿಯೇ ಬಿಟ್ಟು ಹೋಗಬೇಕಾಗಿ ಬಂದರೂ ಸರಿಯೇ.

5. ಶಂಕಾ-ಸಮಾಧಾನ

ಶಂಕೆ: ಹೀಗೆ ಸರಿದುಹೋಗುವುದು ಹೇಡಿತನವಲ್ಲವೆ? ಸಮ್ಯಗ್ದೃಷ್ಟಿಯು ಸಪ್ತಭಯಗಳಿಲ್ಲದವನೆಂದು ಹೇಳಿದೆಯಷ್ಟೆ.

ಸಮಾಧಾನ: ಭಯದಿಂದ ಓಡುವವನಿಗೂ ವಿವೇಕದಿಂದ ಸರಿಯುವವನಿಗೂ ಹೊರಗಿನ ಕ್ರಿಯೆ ಒಂದೇ, ಪರಿಣಾಮಶುದ್ಧಿ ಬೇರೆ. ಹಾವನ್ನು ಕಂಡು ದಾರಿ ಬಿಡುವವನನ್ನು ಯಾರೂ ಹೇಡಿಯೆನ್ನುವುದಿಲ್ಲ. ನಿಜವಾಗಿ ನೋಡಿದರೆ, ಕೆಳಗಿಳಿದು ಕೈಮಿಲಾಯಿಸುವವನನ್ನು ಪ್ರೇರಿಸುವುದು ಬಹುಮಟ್ಟಿಗೆ ಭಯವೇ: 'ಸುಮ್ಮನಾದರೆ ನಾಲ್ವರು ಏನೆಂದಾರು' ಎಂಬ ಭಯ. ಆ ಭಯವನ್ನು ಗೆದ್ದವನೇ ಸರಿದುಹೋಗಬಲ್ಲನು.

ಶಂಕೆ: ತಪ್ಪು ನನ್ನದಲ್ಲದಿದ್ದರೂ ಕ್ಷಮಿಸೆನ್ನುವುದು ಸತ್ಯಾಣುವ್ರತಕ್ಕೆ ವಿರುದ್ಧವಲ್ಲವೆ?

ಸಮಾಧಾನ: ಅಲ್ಲ. ಕ್ಷಮೆ ಕೇಳುವುದು ಸಾಕ್ಷ್ಯ ನುಡಿಯುವುದಲ್ಲ. ದಶಲಕ್ಷಣಪರ್ವದ ಕೊನೆಯಲ್ಲಿ ಕ್ಷಮಾವಣಿಯಂದು ನಾವು ಸಕಲ ಜೀವಿಗಳಲ್ಲಿಯೂ ಕ್ಷಮೆ ಯಾಚಿಸುತ್ತೇವೆ. ಆಗ ಪ್ರತಿಯೊಬ್ಬರ ವಿಷಯದಲ್ಲಿಯೂ ತಪ್ಪಿನ ಪಟ್ಟಿಯನ್ನು ಇಟ್ಟುಕೊಂಡಿರುವುದಿಲ್ಲ. 'ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ' ಎಂಬ ಮಾತಿನಲ್ಲಿ ಅಸತ್ಯದ ಲೇಶವೂ ಇಲ್ಲ. ಪರರಿಗೆ ವಿಪತ್ತನ್ನು ತರುವ ಸತ್ಯವನ್ನು ಕೂಡ ನುಡಿಯಬಾರದೆಂದು ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಆಯುಧಪಾಣಿಯ ಎದುರಿನಲ್ಲಿ 'ತಪ್ಪು ನಿನ್ನದೇ' ಎಂಬುದು ಅಂಥ ಸತ್ಯ.

ಶಂಕೆ: ಆತ್ಮರಕ್ಷಣೆಗಾಗಿ ವಾಹನದಲ್ಲಿ ಸಲಾಕೆಯನ್ನೋ ಬ್ಯಾಟನ್ನೋ ಇಟ್ಟುಕೊಳ್ಳಬಹುದೆ?

ಸಮಾಧಾನ: ಹಿಂಸೋಪಕರಣಗಳ ವಿಷಯವನ್ನು ಆಚಾರ್ಯರು ಅನರ್ಥದಂಡದಲ್ಲಿ ಸೇರಿಸಿದ್ದಾರೆ. 'ಇದು ಅನರ್ಥವಲ್ಲ, ಪ್ರಯೋಜನವಿದೆ' ಎಂದು ಯಾರಾದರೂ ವಾದಿಸಬಹುದು. ಆದರೆ ಆಸನದ ಕೆಳಗಿನ ಸಲಾಕೆ ಮಾಡುವ ಮೊದಲನೆಯ ಕೆಲಸವೆಂದರೆ ಒಳಗೆ ಸುರಕ್ಷಿತನಾಗಿ ಕುಳಿತವನನ್ನು ಹೊರಗೆ ಇಳಿಸುವುದು. ಆಯುಧವಿಲ್ಲದವನು ದೂರ ಸರಿಯಲು ಯೋಚಿಸುತ್ತಾನೆ. ಆಯುಧವುಳ್ಳವನು ಬಳಸಲು ಯೋಚಿಸುತ್ತಾನೆ. ಆ ಯೋಚನೆಯೇ ಅಪಧ್ಯಾನ.

ಶಂಕೆ: ತಪ್ಪಿಸಿಕೊಳ್ಳುವ ದಾರಿಯಿಲ್ಲದೆ, ಮಡದಿ-ಮಕ್ಕಳ ಮೇಲೆಯೇ ಅವನು ಕೈಯೆತ್ತಿದರೆ?

ಸಮಾಧಾನ: ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧ. ಗೃಹಸ್ಥನು ಸರ್ವಥಾ ತ್ಯಜಿಸತಕ್ಕದ್ದು ಸಂಕಲ್ಪೀ ಹಿಂಸೆಯನ್ನು. ಆಶ್ರಿತರನ್ನು ಉಳಿಸುವುದಕ್ಕಾಗಿ ಬೇರೆ ಉಪಾಯವಿಲ್ಲದೆ ತಡೆಯುವುದು, ತಳ್ಳುವುದು ವಿರೋಧೀ ಹಿಂಸೆ. ಅದರಿಂದ ಅಣುವ್ರತ ಮುರಿಯುವುದಿಲ್ಲ. ಆದರೆ ಅಪಾಯ ತಪ್ಪಿದ ಕ್ಷಣದಲ್ಲಿಯೇ ಅದು ನಿಲ್ಲಬೇಕು. ಬಿದ್ದವನಿಗೆ ಕೊಡುವ ಎರಡನೆಯ ಏಟು ವಿರೋಧೀ ಹಿಂಸೆಯಲ್ಲ, ಸಂಕಲ್ಪೀ ಹಿಂಸೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಯ ಹಕ್ಕನ್ನು ಒಪ್ಪಿಕೊಂಡು, ಅವಶ್ಯಕ್ಕಿಂತ ಹೆಚ್ಚಿನ ಕೇಡು ಮಾಡಕೂಡದೆಂದೂ, ಸರಕಾರದ ರಕ್ಷಣೆಯನ್ನು ಪಡೆಯಲು ಸಮಯವಿದ್ದಲ್ಲಿ ಆ ಹಕ್ಕಿಲ್ಲವೆಂದೂ 37ನೆಯ ಕಲಮಿನಲ್ಲಿ ಮಿತಿ ಹಾಕಿದೆ. ಲೌಕಿಕ ಶಾಸನವೂ ಧರ್ಮಶಾಸ್ತ್ರವೂ ಇಲ್ಲಿ ಒಂದೇ ಗೆರೆಯನ್ನು ಎಳೆದಿರುವುದನ್ನು ಗಮನಿಸಬೇಕು.

ಶಂಕೆ: ಉಪವಾಸದ ದಿನ ವಾಹನ ಚಲಾಯಿಸಬಹುದೆ?

ಸಮಾಧಾನ: ಪ್ರೋಷಧೋಪವಾಸದಲ್ಲಿ ಆಹಾರದೊಡನೆ ಆರಂಭವನ್ನೂ ಬಿಡಬೇಕಾದುದರಿಂದ ಸ್ಟಿಯರಿಂಗ್ ಹಿಡಿಯುವ ಪ್ರಸಂಗವೇ ಬರಕೂಡದು. ವ್ರತದ ಮಾತು ಹಾಗಿರಲಿ, ಲೋಕದೃಷ್ಟಿಯಿಂದಲೂ ಹಸಿವು, ನೀರಡಿಕೆ, ನಿದ್ರಾಭಂಗಗಳಿಂದ ಸಹನೆ ಕುಗ್ಗುತ್ತದೆ, ಕಣ್ಣು-ಕೈಗಳ ಚುರುಕು ಕಡಿಮೆಯಾಗುತ್ತದೆ. ನಿರ್ಜಲ ಉಪವಾಸದಲ್ಲಿದ್ದುಕೊಂಡು ಬಿಸಿಲಿನಲ್ಲಿ ಕುಟುಂಬವನ್ನು ತೀರ್ಥಕ್ಷೇತ್ರಕ್ಕೆ ಕರೆದೊಯ್ಯುವ ಚಾಲಕನು ಒಂದು ವ್ರತವನ್ನು ಪಾಲಿಸಲು ಹೋಗಿ ಹಲವು ಜೀವಗಳನ್ನು ಅಪಾಯಕ್ಕೆ ಒಡ್ಡುತ್ತಾನೆ.

6. ಸುದರ್ಶನ ಶ್ರೇಷ್ಠಿಯ ನಿದರ್ಶನ

ದಾರಿಯಲ್ಲಿ ಎದುರಾದ ಆಯುಧಪಾಣಿಯ ಕಥೆಯೊಂದು ಶ್ವೇತಾಂಬರ ಆಗಮವಾದ ಅಂತಕೃದ್ದಶಾಂಗದಲ್ಲಿ ಬಂದಿದೆ. ರಾಜಗೃಹದ ಹೂವಾಡಿಗ ಅರ್ಜುನಮಾಲಿಯ ಕಣ್ಣೆದುರಿನಲ್ಲಿಯೇ ಆರು ಮಂದಿ ದುಷ್ಟರು ಅವನ ಮಡದಿಯ ಮೇಲೆ ಅತ್ಯಾಚಾರವೆಸಗಿದರು. ಅವನು ಪೂಜಿಸುತ್ತಿದ್ದ ಮುದ್ಗರಪಾಣಿ ಯಕ್ಷನು ಅವನ ಮೈಯನ್ನು ಹೊಕ್ಕನು. ಆ ಆವೇಶದಲ್ಲಿ ಆರು ಮಂದಿಯನ್ನೂ ಮಡದಿಯನ್ನೂ ಕೊಂದ ಅರ್ಜುನನು ಅಲ್ಲಿಂದ ಮುಂದೆ ಕಬ್ಬಿಣದ ಮುದ್ಗರವನ್ನು ಬೀಸುತ್ತ ದಿನಕ್ಕೆ ಆರು ಗಂಡಸರನ್ನೂ ಒಬ್ಬ ಹೆಂಗಸನ್ನೂ ಕೊಲ್ಲತೊಡಗಿದನು. ಊರಿನಿಂದ ಯಾರೂ ಹೊರಗೆ ಹೋಗಕೂಡದೆಂದು ಶ್ರೇಣಿಕ ರಾಜನು ಡಂಗುರ ಹೊಡೆಯಿಸಿದನು.

ಆ ಸಮಯದಲ್ಲಿ ಭಗವಾನ್ ಮಹಾವೀರರು ನಗರದ ಹೊರಗಿನ ಉದ್ಯಾನಕ್ಕೆ ಬಂದರು. ಸುದರ್ಶನ ಶ್ರೇಷ್ಠಿಯು ತಂದೆತಾಯಿಗಳ ಅನುಮತಿ ಪಡೆದು ದರ್ಶನಕ್ಕೆ ಹೊರಟನು. ದಾರಿಯಲ್ಲಿ ಅರ್ಜುನನು ಮುದ್ಗರವೆತ್ತಿ ಬಂದಾಗ ಸುದರ್ಶನನು ಓಡಲಿಲ್ಲ, ಎದುರಾಡಲಿಲ್ಲ, ಉಪದೇಶಿಸಲೂ ಇಲ್ಲ. ನೆಲವನ್ನು ಶುದ್ಧಮಾಡಿ, ವಂದಿಸಿ, 'ಈ ಉಪಸರ್ಗದಿಂದ ಪಾರಾದರೆ ವ್ರತವನ್ನು ಮುಗಿಸುವೆನು, ಪಾರಾಗದಿದ್ದರೆ ಜೀವಾವಧಿ ಆಹಾರಾದಿಗಳ ತ್ಯಾಗ' ಎಂದು ಸಾಗಾರೀ ಪ್ರತ್ಯಾಖ್ಯಾನವನ್ನು ಕೈಕೊಂಡು ನಿಶ್ಚಲನಾಗಿ ನಿಂತನು. ಯಕ್ಷನ ಶಕ್ತಿ ಅವನ ಮುಂದೆ ಸಾಗಲಿಲ್ಲ. ಯಕ್ಷನು ಬಿಟ್ಟುಹೋಗಲು ಅರ್ಜುನನು ನೆಲಕ್ಕೆ ಬಿದ್ದನು. ಸುದರ್ಶನನು ಅವನನ್ನು ಭಗವಂತರ ಸನ್ನಿಧಿಗೆ ಕರೆದೊಯ್ದನು. ಅವನು ದೀಕ್ಷೆ ಪಡೆದನು.

ಈ ಕಥೆಯನ್ನು ಅರ್ಥಮಾಡಿಕೊಳ್ಳುವಲ್ಲಿ ಎಚ್ಚರ ಬೇಕು. ಣಮೋಕಾರ ಮಂತ್ರವನ್ನು ಜಪಿಸಿದರೆ ಗುಂಡು ತಾಗದೆಂಬುದು ಇದರ ತಾತ್ಪರ್ಯವಲ್ಲ. ಸುದರ್ಶನನು ಅಪಾಯವನ್ನು ಅರಿತೇ ಹೊರಟವನು, ಒಬ್ಬಂಟಿಯಾಗಿದ್ದನು, ಪಾರಾಗದಿರುವ ಸಾಧ್ಯತೆಯನ್ನು ತನ್ನ ವ್ರತವಾಕ್ಯದಲ್ಲಿಯೇ ಸೇರಿಸಿಕೊಂಡಿದ್ದನು. ಹಿಂದಿನ ಆಸನದಲ್ಲಿ ಮೊಮ್ಮಗುವನ್ನು ಕೂರಿಸಿಕೊಂಡಿರುವ ಗೃಹಸ್ಥನಿಗೆ ಹಾಗೆ ನಿಲ್ಲುವ ಅಧಿಕಾರವಿಲ್ಲ. ಆ ಮಗುವಿನ ಪ್ರಾಣವನ್ನು ತ್ಯಜಿಸುವ ಹಕ್ಕು ಅವನದಲ್ಲ. ಅನುಕರಿಸಬೇಕಾದುದು ಸುದರ್ಶನನ ಸ್ಥಾನವನ್ನಲ್ಲ, ಅವನ ಪರಿಣಾಮವನ್ನು. ದ್ವೇಷವಿಲ್ಲದ ಮನಸ್ಸು, ಉತ್ತರವಿಲ್ಲದ ಮೌನ, ಬಿದ್ದವನನ್ನು ಕೈಹಿಡಿದು ನಡೆಸುವ ಕರುಣೆ, ಈ ಮೂರನ್ನು ಸರಿದುಹೋಗುತ್ತಿರುವಾಗಲೂ ಪಾಲಿಸಬಹುದು.

ಸಾಗಾರೀ ಎಂಬ ಪದವೂ ವಿಚಾರಾರ್ಹ. ಆಗಾರವೆಂದರೆ ವ್ರತ ಹಿಡಿಯುವಾಗಲೇ ಇಟ್ಟುಕೊಳ್ಳುವ ವಿನಾಯಿತಿ. ದೇಶವ್ರತದಲ್ಲಿ 'ಇಂದು ಊರಿನ ಎಲ್ಲೆಯನ್ನು ದಾಟೆನು' ಎಂದು ನಿಯಮ ಮಾಡಿದವನನ್ನು ಯಾರಾದರೂ ಬೆನ್ನಟ್ಟಿದರೆ, ಹತ್ತಿರದ ಠಾಣೆ ಎಲ್ಲೆಯ ಆಚೆಗಿದ್ದರೆ, ಅವನ ಗತಿಯೇನು? ಆದ್ದರಿಂದ ನಿಯಮವನ್ನು ಹಿಡಿಯುವಾಗಲೇ ಉಪಸರ್ಗಕಾಲಕ್ಕೆ ವಿನಾಯಿತಿಯನ್ನು ಇಟ್ಟುಕೊಳ್ಳುವುದು ವಿವೇಕ. ಇಟ್ಟುಕೊಳ್ಳದೆ ದಾಟಬೇಕಾಗಿ ಬಂದವನು ಜೊತೆಯವರ ಜೀವವನ್ನು ಮೊದಲು ಉಳಿಸಿ, ಅನಂತರ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತವನ್ನು ಸ್ವೀಕರಿಸಲಿ.

7. ಅಪಾಯ ಕಳೆದ ಮೇಲೆ

ಪಾರಾದವನ ಕೈಕಾಲು ನಡುಗುತ್ತಿರುತ್ತವೆ, ಎದೆ ಬಡಿದುಕೊಳ್ಳುತ್ತಿರುತ್ತದೆ. ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ ಶಾಂತನಾಗುವವರೆಗೆ ಮುಂದೆ ಹೋಗಬಾರದು. ವಾಹನದ ಸಂಖ್ಯೆ, ವೇಳೆ, ಸ್ಥಳ, ಆಯುಧದ ಸ್ವರೂಪ, ನೋಡಿದ ಜನರು ಇವನ್ನು ಮರೆಯುವ ಮೊದಲು ಬರೆದಿಟ್ಟುಕೊಳ್ಳಬೇಕು.

ದೂರು ಕೊಡುವುದು ದ್ವೇಷಸಾಧನೆಯಲ್ಲವೆ ಎಂದು ಕೆಲವರು ಹಿಂಜರಿಯುತ್ತಾರೆ. ಆಯುಧ ತೋರಿಸಿ ಬೆದರಿಸಿದವನು ಇಂದು ನಮ್ಮನ್ನು ಬಿಟ್ಟನೆಂದು ನಾಳೆ ಮತ್ತೊಬ್ಬನನ್ನು ಬಿಡುತ್ತಾನೆಂಬ ಭರವಸೆಯಿಲ್ಲ. ಕೊಲೆಯ ಅಥವಾ ತೀವ್ರ ಗಾಯದ ಬೆದರಿಕೆ ಹಾಕುವುದು ನ್ಯಾಯ ಸಂಹಿತೆಯ 351ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಸಜೆಗೆ ಗುರಿಪಡಿಸಬಹುದಾದ ಅಪರಾಧ. ದಾರಿಗೆ ಅಡ್ಡಗಟ್ಟುವುದೂ ಪ್ರತ್ಯೇಕ ಅಪರಾಧವೇ. ಘಟನೆ ಯಾವ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರನ್ನು ದಾಖಲಿಸಬಹುದು. ನಡೆದುದನ್ನು ನಡೆದಂತೆ, ಕೂಡಿಸದೆ ಕಳೆಯದೆ ಹೇಳುವುದು ಸತ್ಯಾಣುವ್ರತ. ಅದರ ಮುಂದಿನದನ್ನು ಶಾಸನಕ್ಕೆ ಬಿಡುವುದು ಮಾಧ್ಯಸ್ಥ್ಯ. ಆದರೆ ವಾಹನದ ಸಂಖ್ಯೆಯನ್ನು ಹಿಡಿದು ನಾಲ್ಕು ಜನರನ್ನು ಕೂಡಿಸಿ ಅವನ ಮನೆಯನ್ನು ಹುಡುಕಿಕೊಂಡು ಹೋಗುವುದು ವೈರ.

ಕೊನೆಯದಾಗಿ ನಮ್ಮ ಒಳಗೆ ಉಳಿದ ಕ್ರೋಧದ ವಿಚಾರ. ಕ್ರೋಧವನ್ನು ಕಲ್ಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕಷಾಯಗಳ ವಾಸನಾಕಾಲವನ್ನು ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹೇಳಿದ್ದಾರೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿ ಭವಭವಾಂತರಗಳಿಗೆ ಮುಂದುವರಿಯುವುದು ಅನಂತಾನುಬಂಧಿ. ಪ್ರತಿಯೊಬ್ಬನೂ ತನ್ನನ್ನು ಅಳೆದುಕೊಳ್ಳಲು ಇದೊಂದು ಮಾಪನ. 48 ನಿಮಿಷಗಳ ಒಳಗೆ ಅದು ನೀರಿನ ಗೆರೆಯಂತೆ ಅಳಿಸಿದರೆ ಉತ್ತಮ. ಪಕ್ಷವೊಂದು ಕಳೆದು ಪಾಕ್ಷಿಕ ಪ್ರತಿಕ್ರಮಣದ ದಿನ ಬಂದರೂ ಆ ಮುಖ ನೆನಪಾಗಿ ಹಲ್ಲು ಕಡಿಯುವಂತಾದರೆ ಅಂದು ಅವನ ಹೆಸರಿನಲ್ಲಿಯೇ ಕ್ಷಮೆಯ ಭಾವನೆಯನ್ನು ಮಾಡಬೇಕು. ಕಷಾಯವಶನಾದವನು ಪರರನ್ನು ಕೊಲ್ಲುವ ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಳ್ಳುತ್ತಾನೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ತಿಳಿಸಿದ್ದಾರೆ. ಆಯುಧದಿಂದ ಪಾರಾಗಿ ಬಂದವನು ಆ ಘಾತಕ್ಕೆ ಗುರಿಯಾಗಬಾರದು.

ಅರ್ಜುನಮಾಲಿಯು ಮುನಿಯಾಗಿ ಭಿಕ್ಷೆಗೆ ಬಂದಾಗ, ಅವನಿಂದ ಬಂಧುಗಳನ್ನು ಕಳೆದುಕೊಂಡ ಜನರು ಬೈದರು, ಹೊಡೆದರು. ಅವನು ಎಲ್ಲವನ್ನೂ ಸಮತೆಯಿಂದ ಸಹಿಸಿ ಆರು ತಿಂಗಳಲ್ಲಿ ಮುಕ್ತನಾದನೆಂದು ಆಗಮ ಹೇಳುತ್ತದೆ. ಮುದ್ಗರ ಹಿಡಿದವನೂ ಭವ್ಯಜೀವಿಯಾಗಿರಬಹುದು. ಆದ್ದರಿಂದ ಅವನಿಂದ ದೂರ ಸರಿಯೋಣ, ಅವನನ್ನು ಹೀನೈಸದಿರೋಣ.

8. ಪ್ರಯಾಣ ನಿಯಮ

ಜೀವಾವಧಿಯ ತ್ಯಾಗ ಯಮ, ಕಾಲಮಿತಿಯುಳ್ಳ ತ್ಯಾಗ ನಿಯಮ. ವಾಹನಕ್ಕೆ ಕೀಲಿ ಹಾಕುವ ಮೊದಲು ಒಂಬತ್ತು ಬಾರಿ ಣಮೋಕಾರವನ್ನು ಸ್ಮರಿಸಿ ಈ ಕೆಳಗಿನ ನಿಯಮವನ್ನು ಸ್ವೀಕರಿಸಬಹುದು:

ಈ ಪ್ರಯಾಣ ಮುಗಿಯುವವರೆಗೆ ಯಾರ ಹಾರ್ನಿಗೂ, ಬೈಗುಳಕ್ಕೂ, ಸನ್ನೆಗೂ ನಾನು ಉತ್ತರ ಕೊಡೆನು. ಕೇಳಿದವರಿಗೆ ದಾರಿ ಕೊಡುವೆನು. ಕಲಹಕ್ಕಾಗಿ ವಾಹನದಿಂದ ಕೆಳಗಿಳಿಯೆನು. ಜೊತೆಯವರ ರಕ್ಷಣೆಗೆ ಅವಶ್ಯವಾದುದಷ್ಟನ್ನು ಮಾತ್ರ ಮಾಡುವೆನು.

ಎರಡು ಹೊತ್ತಿನ ಊಟವನ್ನು ಬಿಡಬಲ್ಲವರಿಗೆ ಎರಡು ಮಾತುಗಳನ್ನು ಬಿಡುವುದು ಕಷ್ಟವಾಗಲಾರದು. ಕಷ್ಟವೆಂದು ತೋರಿದರೆ, ಬಿಡಬೇಕಾದುದು ಅದನ್ನೇ ಎಂದು ತಿಳಿಯಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಅವಿನೇಯನೆಂದರೆ ಯಾರು? ಅವನಲ್ಲಿ ಕಾರುಣ್ಯವನ್ನು ಹೇಳದೆ ಮಾಧ್ಯಸ್ಥ್ಯವನ್ನು ಹೇಳಿದುದೇಕೆ?
2. ವಿರೋಧೀ ಹಿಂಸೆಯು ಯಾವ ಕ್ಷಣದಲ್ಲಿ ಸಂಕಲ್ಪೀ ಹಿಂಸೆಯಾಗುತ್ತದೆ? ಉದಾಹರಣೆ ಕೊಡಿರಿ.
3. ಸುದರ್ಶನ ಶ್ರೇಷ್ಠಿಗೂ ಕುಟುಂಬದೊಡನೆ ಪ್ರಯಾಣಿಸುವ ಗೃಹಸ್ಥನಿಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.
4. ಕಳೆದ ಒಂದು ವಾರದಲ್ಲಿ ರಸ್ತೆಯಲ್ಲಿ ನಿಮಗೆ ಬಂದ ಕ್ರೋಧವು ಎಷ್ಟು ಹೊತ್ತು ಉಳಿಯಿತು? ವಾಸನಾಕಾಲದ ಮಾಪನದಿಂದ ನೀವೇ ಅಳೆದು ನೋಡಿರಿ.